ಕತ್ತರಿ ಹಾಕದೆ ಕೊಟ್ಟವರಿಗೆ

ಹೆಸರು ತಿಳಿಸದೆ ಹಳೆಯ ಅಂಚೆ ಕಾರ್ಡು, ಸ್ಟ್ಯಾಂಪು ಮೊದಲೇ ಅಚ್ಚಾಗಿರುವ ಲಕೋಟೆಗಳ ಕಟ್ಟನ್ನು ನಮ್ಮ ಸಂಗ್ರಹಕ್ಕೆ ಕೊಟ್ಟವರೇ, ನಿಮಗೆ ಮನಸಾರೆ ಧನ್ಯವಾದ. ಅದರಲ್ಲೂ, ಅಚ್ಚಾದ ಸ್ಟ್ಯಾಂಪನ್ನಷ್ಟೇ ಚೌಕವಾಗಿ ಕತ್ತರಿಸಿಕೊಳ್ಳದೆ ಎಲ್ಲವನ್ನೂ ಇಡಿಯಾಗಿ ಉಳಿಸಿದ್ದಕ್ಕೆ. ಕತ್ತರಿಸಿದರೆ ಲಕೋಟೆಯ ಅಳತೆ, ಹಿಂಬದಿಯ ಮಡಿಕೆಯ ಆಕಾರ, ತಲುಪಿದ ಊರಿನ ಮುದ್ರೆ ಹೋಗಿಬಿಡುತ್ತವೆ, ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ನೀರುಗುರುತೂ ತುಂಡಾಗುತ್ತದೆ. ಒಂದೇ ಸ್ಟ್ಯಾಂಪಿನ ಎರಡು ಮುದ್ರಣಗಳನ್ನು ಬೇರೆ ಮಾಡಿ ಗುರುತಿಸಲು ಅಳತೆ, ಮಡಿಕೆ, ಕಾಗದವೇ ಆಧಾರ. ಜವಾಬು ಕಾರ್ಡಿನ ಎರಡೂ ಹೋಳು ಕೂಡಿಕೊಂಡೇ ಬಂದಿರುವುದಂತೂ ದೊಡ್ಡ ಸಂತೋಷ. ಉತ್ತರದ ಹೋಳು ಇರುವುದೇ ಹರಿದು ವಾಪಸು ಕಳಿಸಲು. 1869ರಲ್ಲಿ ಆಸ್ಟ್ರಿಯಾ-ಹಂಗೆರಿ ಮೊದಲ ಅಂಚೆ ಕಾರ್ಡು ಹೊರತಂದಾಗಿನಿಂದಲೂ ಜನ ಇವನ್ನು ಓದಿ ಎಸೆದದ್ದೇ ಹೆಚ್ಚು.

ರಬ್ಬರ್ ಬ್ಯಾಂಡ್ ಬಿಗಿಯದೆ ಆಮ್ಲರಹಿತ ಕಾಗದದಲ್ಲಿ ಸುತ್ತಿದ್ದೀರಿ. ರಬ್ಬರ್ ಹಳತಾದರೆ ಅಂಟಾಗಿ ಕಂದು ಕಲೆ ಬಿಡುತ್ತದೆ, ಅಂಚನ್ನೂ ಕೊರೆಯುತ್ತದೆ. ನಾವು ಇವನ್ನು ಪಾಲಿಯೆಸ್ಟರ್ ಕವರುಗಳಲ್ಲಿ ನಿಲ್ಲಿಸಿ ಇಡುತ್ತೇವೆ: ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕವರು ಬೆವೆತು ಶಾಯಿಯನ್ನು ಎಳೆದುಕೊಳ್ಳುತ್ತದೆ, ಒಂದರ ಮೇಲೊಂದು ಪೇರಿಸಿದರೆ ಕಾಗದದ ಮೇಲೆ ಉಬ್ಬಿ ನಿಂತ ಅಚ್ಚು ಚಪ್ಪಟೆಯಾಗುತ್ತದೆ. ನೀವು ಬೇರೆ ಚೀಟಿಯಲ್ಲಿ ಬರೆದಿಟ್ಟ ಮಿಲಿಮೀಟರ್ ಅಳತೆಗಳು ಆಯಾ ಲಕೋಟೆಯ ಜೊತೆಗೇ ಇರುತ್ತವೆ.