ಹತ್ತು ಕಡ್ಡಿ ಸೇವಂತಿಗೆ

ಪುಟ್ಟಿ,

ಸೋಮವಾರ ನೀನು ತಿಂಡೀನೂ ತಿನ್ನದೆ ಮೊದಲ್ನೇ ಬಸ್ಸಿಗೇ ಬೆಂಗಳೂರಿಗೆ ಹೊರಟೋದೆ. ನಾನು ತೋಟದಲ್ಲೇ ಇದ್ದೆ, ಬೇಕಂತಲೇ ಬರ್ಲಿಲ್ಲ. ಫೋನ್ ಮಾಡಿದ್ರೆ ಮತ್ತೆ ಜೋರು ಮಾತು ಬರುತ್ತೇನೋ ಅಂತ ಬರೀತಿದೀನಿ.

ವರಮಹಾಲಕ್ಷ್ಮಿ ಹಬ್ಬ ಹತ್ರ ಇರೋವಾಗ ನೀನು ಹತ್ತು ಕಡ್ಡಿ ಸೇವಂತಿಗೆ ಮೊಗ್ಗು ಸಮೇತ ಕತ್ತರಿಸಿದ್ದು ನೋಡಿ ಹೊಟ್ಟೆ ಉರೀತು, ಅದು ನಿಜ. ನಾವು ಬಿಡಿ ಹೂವಿನೋರು ಕಣಮ್ಮ, ಹೂ ಮಾತ್ರ ಕಿತ್ತು ಚಿಕ್ಕಬಳ್ಳಾಪುರ ಮಾರ್ಕೆಟ್ಟಲ್ಲಿ ಕೇಜಿ ಲೆಕ್ಕದಲ್ಲಿ ಹಾಕೋರು, ಕಡ್ಡಿ ಗಿಡದಲ್ಲೇ ಇರ್ಬೇಕು, ಉಳಿದ ಮೊಗ್ಗು ಅರಳೋದು ಅದ್ರಲ್ಲೇ. ಆದ್ರೆ ಬಾಡೋಗೋ ಹೂವಲ್ಲಿ ಕಲಿಯೋಕೆ ಏನೈತೆ ಅಂತ ನಾನಂದಿದ್ದು ತಪ್ಪು.

ಆ ಮಾತು ಮೊದ್ಲು ಬಾಯಿಗೆ ಬಂದಿದ್ದು 2020ರ ಯುಗಾದೀಲಿ. ಮಾರ್ಚ್ 25, ಹಬ್ಬಾನೂ ಲಾಕ್‌ಡೌನೂ ಒಂದೇ ದಿನ. ಹೂವೆಲ್ಲ ಏನಾಯ್ತು ಅಂತ ನಿಂಗೂ ಗೊತ್ತು, ಬಿಡು. ನಂಗೆ ಕಾಡೋದು ಆ ಚೊಂಬು. ತಿಪ್ಪೆಗೆ ಸುರಿದಿದ್ರಲ್ಲಿ ನೀನು ಒಂದಷ್ಟು ಆರಿಸ್ಕೊಂಡ್ ಬಂದು ನೀರು ಹಾಕಿ ಕಿಟಕೀಲಿ ಇಟ್ಟಿದ್ದೆ, ನಾನು ಅದನ್ನ ಅಂಗಳಕ್ಕೆ ಬೀಸಾಕಿದೆ. ನೀನು ಅಳಲೂ ಇಲ್ಲ, ಸುಮ್ನೆ ಹೋಗಿ ಚೊಂಬು ಎತ್ತಿ ತೊಳೆದಿಟ್ಟೆ. ಏಳನೇ ಕ್ಲಾಸು ಮಗು. ಸಾಲದ ಯೋಚ್ನೇಲಿದ್ದೆ ಅಂತ ನಂಗೆ ನಾನೇ ಎಷ್ಟೋ ಸಲ ಹೇಳ್ಕೊಂಡಿದೀನಿ. ಈಗ್ಲೂ ನಿಮ್ಮಮ್ಮ ಮಜ್ಜಿಗೆ ಕೊಡೋದು ಅದೇ ಚೊಂಬಲ್ಲಿ, ಹಿಡ್ಕೊಂಡಾಗೆಲ್ಲ ಅವತ್ತು ಬಿದ್ದಾಗ ಆದ ತಗ್ಗು ಬೆರಳಿಗೆ ಸಿಗುತ್ತೆ. ಅದ್ರಲ್ಲಿದ್ದಿದ್ದು ಬಿಳಿ ಹೂವು ಅಂತ ನನ್ ನೆನಪು, ಹಳದಿ ಅಂತಾಳೆ ನಿಮ್ಮಮ್ಮ.

ನೀನು ಬಿಟ್ಟೋದ ನೋಟ್‌ಬುಕ್ ಓದ್ದೆ, ಕೋಪ ಮಾಡ್ಕೋಬೇಡ. ಇಕೆಬಾನ ಅಂದ್ರೆ ಜಪಾನಿನೋರ ಹೂ ಜೋಡಿಸೋ ಕಲೆ, ಸೊಗೆತ್ಸು ಅದ್ರಲ್ಲೊಂದು ಪದ್ಧತಿ ಅಂತೆಲ್ಲ ಬರ್ದಿದೀಯ. ಪಾತ್ರೆ ಅಗಲಕ್ಕೆ ಆಳ ಸೇರಿಸಿ ಅದ್ರ ಒಂದೂವರೆಯಷ್ಟು ಉದ್ದದ ಮೊದಲ್ನೇ ಕಡ್ಡಿ ಶಿನ್, ಅದ್ರ ಮುಕ್ಕಾಲು ಉದ್ದದ ಎರಡನೇದು ಸೋಯೆ, ಸೋಯೆಯ ಮುಕ್ಕಾಲು ಉದ್ದದ ಮೂರನೇದು ಹಿಕಾಯೆ. ನಮ್ಮ ಬೋಗುಣಿ 8 ಇಂಚು ಅಗಲ 2 ಇಂಚು ಆಳ, ಹಂಗಾಗಿ ನಾನೂ ದಾಳಿಂಬೆ ಕೊಂಬೆ 15 ಇಂಚಿಗೆ ಕತ್ತರಿಸ್ದೆ, ಇನ್ನೊಂದು 11ಕ್ಕಿಂತ ಚೂರು ಜಾಸ್ತಿ. ಸೇವಂತಿಗೆ ಕಡ್ಡೀನ ನೀರೊಳಗೇ ಕೈಯಲ್ಲಿ ಮುರೀಬೇಕು ಅಂತ ಬರ್ದಿದ್ದಂಗೇ ಮುರ್ದೆ. ಆ ಮುಳ್ಳಿನ ಬಿಲ್ಲೆ, ಕೆನ್ಜಾನು, ಅದ್ರಲ್ಲಿ 45 ಡಿಗ್ರಿ ಓರೆಗೆ ನಿಲ್ಲಿಸೋದೈತಲ್ಲ, ಮೂರು ಸಲ ಬಿತ್ತು. ಆಮೇಲೆ ಮೊದ್ಲು ನೇರ ಚುಚ್ಚಿ ನಿಧಾನಕ್ಕೆ ಬಗ್ಗಿಸಿದ್ರೆ ನಿಲ್ಲುತ್ತೆ ಅಂತ ಗೊತ್ತಾಯ್ತು. ಇಷ್ಟು ವರ್ಷ ಸೇವಂತಿಗೆ ಬೆಳೆದ ನಾನು ಅದ್ರ ಕಡ್ಡಿ ಯಾವ ಕಡೆ ಬಾಗುತ್ತೆ ಅಂತ ನೋಡಿರ್ಲಿಲ್ಲ. ನೀನು ಯಾರೂ ಹೇಳ್ಕೊಡದೆ ಮೊಬೈಲ್ ನೋಡಿ ಇಷ್ಟು ಕಲ್ತಿದೀಯ, ನಂಗೆ ಹೆಮ್ಮೆ ಐತೆ.

ಕೇಳು, ಹೂವನ್ನ ಬೆಳಗ್ಗೆ ಬಿಸಿಲೇರೋ ಮುಂಚೆ ಕತ್ತರಿಸ್ಬೇಕು, ಮಧ್ಯಾಹ್ನ ಅಲ್ಲ. ನೀರಿಗೆ ಮುಳುಗೋ ಎಲೆ ತೆಗೆದುಬಿಡು, ಕೊಳೆಯುತ್ತೆ. ನೀರು ಬದಲಾಯ್ಸು, ಪಕ್ಕ ಬಾಳೆಹಣ್ಣು ಇಡ್ಬೇಡ, ಬೇಗ ಬಾಡುತ್ತೆ. ಹೂ ಚುಚ್ಚಿ ನಿಲ್ಲಿಸೋ ಆ ಹಸಿರು ಸ್ಪಂಜು ಪ್ಲಾಸ್ಟಿಕ್ಕು, ಮಣ್ಣಲ್ಲಿ ಕರಗಲ್ಲ, ಕೊಳ್ಳಲೇಬೇಡ. ಓದೋದು ಬಿಡ್ಬೇಡ, ರಾತ್ರಿ ಬರೀ ಬಿಸ್ಕೆಟ್ ತಿಂದು ಮಲಗ್ಬೇಡ. ಆಯ್ತು, ಮತ್ತೆ ಶುರು ಮಾಡ್ದೆ.

ಬದುವಿನ ಕಡೆ ಕೊನೇ ಸಾಲು ನಿಂಗೆ ಬಿಟ್ಟಿದೀನಿ, ಕಡ್ಡಿ ಸಮೇತ ಕತ್ತರಿಸ್ಕೋ, ನಾನು ಕೀಳಲ್ಲ. ಆ ಚೊಂಬಲ್ಲಿದ್ದಿದ್ದು ಬಿಳೀದಾ ಹಳದೀದಾ, ಒಂದ್ಸಲ ಫೋನ್ ಮಾಡಿ ಹೇಳಮ್ಮ.

ಅಪ್ಪ