ಎತ್ತರದ ಪಟ್ಟಿ ಟಿಕೆಟ್ ಕೌಂಟರಿನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬಂತು. ಪುಟ್ಟ ಮಕ್ಕಳನ್ನು ಮೊದಲ ಸಲ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗುವ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ. ಅವರೂ ಓದಲಿ, ಪಾರ್ಕ್ ನಡೆಸುವವರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನಲ್ಲಿ ಟೈಲರ್. ಶಾಲೆ ಯೂನಿಫಾರ್ಮ್ ಹೊಲಿಯುವುದೇ ಮುಖ್ಯ ಕೆಲಸ. ಮೇ ತಿಂಗಳು ಬಂದರೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅದಕ್ಕೇ ಏಪ್ರಿಲ್ ಕೊನೆಯಲ್ಲಿ ಎರಡು ದಿನ ಅಂಗಡಿ ಮುಚ್ಚಿ ಹೆಂಡತಿ, ಮಗಳನ್ನು ಕರೆದುಕೊಂಡು ಹೊರಟೆ. ಮಗಳಿಗೆ ಆಗ ನಾಲ್ಕೂವರೆ ವರ್ಷ. ಅವಳಿಗೆ ಅದೇ ಮೊದಲನೇ ದೊಡ್ಡ ಪ್ರವಾಸ. ಮದುವೆಗೆ ಮುಂಚೆ, ಬಿಡದಿಯಲ್ಲಿ ವಂಡರ್‌ಲಾ 2005ರಲ್ಲಿ ಶುರುವಾದ ಹೊಸದರಲ್ಲಿ, ಗೆಳೆಯರ ಜೊತೆ ಹೋಗಿ ಬಂದಿದ್ದೆ. ದಿನವಿಡೀ ನೀರಿನಲ್ಲೇ ಇದ್ದೆವು. ಆ ನೆನಪಿನಲ್ಲೇ ಮಗಳಿಗೂ ಅಂಥದ್ದೊಂದು ದಿನ ತೋರಿಸಬೇಕು ಎಂಬ ಆಸೆ. ಈ ಸಲ ಹೋದದ್ದು ಅಲ್ಲಿಗಲ್ಲ, ಬೇರೊಂದು ಪಾರ್ಕಿಗೆ. ಅದರ ಹೆಸರು ಬರೆಯುವುದಿಲ್ಲ. ಒಬ್ಬರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ.

ತಯಾರಿ ಮಾಡಿಕೊಳ್ಳದೆ ಹೋದವರಲ್ಲ ನಾವು. ಬೆಳಗಿನ ಜಾವ ಎಬ್ಬಿಸಿ ಕರೆದುಕೊಂಡು ಹೋದರೆ ಮಧ್ಯಾಹ್ನಕ್ಕೇ ಮಗು ಸುಸ್ತಾಗುತ್ತದೆ ಎಂದು ಹಿಂದಿನ ದಿನವೇ ಹೊರಟು ನಾದಿನಿ ಮನೆಯಲ್ಲಿ ಉಳಿದುಕೊಂಡೆವು. ಮಗಳ ಫ್ರಾಕಿನ ಒಳಗೆ, ಸೊಂಟದ ಹೊಲಿಗೆ ಹತ್ತಿರ, ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಹಚ್ಚಿ, ಕೆಂಪು ದಾರದಲ್ಲಿ ನನ್ನ ಫೋನ್ ನಂಬರು ಹೊಲಿದಿದ್ದೆ. ಹತ್ತು ಅಂಕಿ ಮಿಷನ್ನಿನಲ್ಲಿ ತಿರುಗಿಸಲು ಅರ್ಧ ಗಂಟೆ ಹಿಡಿಯಿತು. ಜನಜಂಗುಳಿಯಲ್ಲಿ ಕೈ ತಪ್ಪಿಹೋದರೆ ಅಷ್ಟು ಪುಟ್ಟ ಮಗು ನಂಬರು ಹೇಳುತ್ತದಾ? ಗೇಟಿನ ಮುಂದೆ ಅವಳನ್ನು ನಿಲ್ಲಿಸಿ ಒಂದು ಫೋಟೋನೂ ತೆಗೆದೆ. ಏನು ಹಾಕಿಕೊಂಡಿದ್ದಳು ಎಂದು ಯಾರಾದರೂ ಕೇಳಿದರೆ ಗಾಬರಿಯಲ್ಲಿ ನೆನಪಾಗುವುದಿಲ್ಲ. ಈ ಎರಡು ಕೆಲಸ ಎಲ್ಲ ತಂದೆ-ತಾಯಿಯೂ ಮಾಡಲಿ. ಹೊಲಿಯಲು ಬರದಿದ್ದರೆ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದರೂ ಸಾಕು. ನೀರಿಗಿಳಿದು ಬಂದ ಮೇಲೆ ಮತ್ತೆ ಬರೆಯಬೇಕು, ಅಷ್ಟೆ.

ನೀರಿನ ಆಟದ ಬಟ್ಟೆ ಬಗ್ಗೆಯೂ ಒಂದು ಮಾತು. ಕಾಟನ್ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ಅಲ್ಲೇ ಬಾಡಿಗೆಗೆ ಕೊಡುತ್ತಾರೆ, ಸುಮ್ನೆ ದುಡ್ಡು ಮಾಡುವ ದಾರಿ ಎಂದು ಬಹಳ ಜನ ಬೈಯುತ್ತಾರೆ. ಬಟ್ಟೆ ಕೆಲಸದವನಾಗಿ ಹೇಳುತ್ತೇನೆ, ನಿಯಮ ಸರಿಯಾಗಿಯೇ ಇದೆ. ಕಾಟನ್ ನೀರು ಕುಡಿದು ಭಾರವಾಗುತ್ತದೆ. ಅದರ ಎಳೆ, ಜುಂಗು ಬಿಟ್ಟುಕೊಂಡು ನೀರು ಸೋಸುವ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ನೈಲಾನ್, ಲೈಕ್ರಾ ಬಟ್ಟೆಗೆ ಆ ತೊಂದರೆ ಕಡಿಮೆ, ಬೇಗ ಒಣಗುತ್ತವೆ ಕೂಡ. ಲೋಹದ ಜಿಪ್ಪು, ಗುಂಡಿ ಇದ್ದರೆ ಜಾರುಬಂಡೆಯ ಫೈಬರ್ ಗೀರುತ್ತದೆ, ಹಿಂದೆ ಜಾರಿ ಬರುವ ಮಗುವಿನ ಮೈಗೆ ಆ ಗೀರು ತಗಲುತ್ತದೆ. ಊರಲ್ಲೇ ಮಗುವಿನ ಅಳತೆಗೆ ಸರಿಯಾದದ್ದನ್ನು ಕೊಂಡು, ಮನೆಯಲ್ಲಿ ಒಮ್ಮೆ ತೊಡಿಸಿ ನೋಡಿಕೊಂಡು ಹೋಗಿ. ಒದ್ದೆಯಾದ ಮೇಲೆ ಹೆಗಲಿನ ಪಟ್ಟಿ ಜಾರಿದರೆ ಮಕ್ಕಳು ಅದನ್ನೇ ಎಳೆಯುತ್ತಾ ಇರುತ್ತವೆ.

ಇನ್ನು ನಾನು ಹೇಳಬೇಕಾದ ಮುಖ್ಯ ವಿಷಯ.

ಮಗಳ ಎತ್ತರ ನನಗೆ ಗೊತ್ತಿತ್ತು. ಹೊರಡುವ ವಾರ ಗೋಡೆಗೆ ಒರಗಿಸಿ ಟೇಪು ಹಿಡಿದಿದ್ದೆ. 40 ಇಂಚು. ಟೇಪಿನ ಆಚೆ ಮಗ್ಗುಲಲ್ಲಿ ನೋಡಿದರೆ 101 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಟಿಕೆಟ್ ಕೌಂಟರಿನಲ್ಲೂ ಅವಳ ಎತ್ತರ ನೋಡಿಯೇ ಮಕ್ಕಳ ಟಿಕೆಟ್ ಕೊಟ್ಟರು. ಆದರೆ ಅಷ್ಟು ಎತ್ತರಕ್ಕೆ ಒಳಗೆ ಯಾವ ಆಟ ಉಂಟು, ಯಾವುದು ಇಲ್ಲ ಎಂದು ಯಾರೂ ಹೇಳಲಿಲ್ಲ. ಎಲ್ಲೂ ಬರೆದಿರಲಿಲ್ಲ.

ಒಳಗೆ ಹೋದ ತಕ್ಷಣ ಅವಳ ಕಣ್ಣಿಗೆ ಬಿದ್ದದ್ದು ಡ್ರ್ಯಾಗನ್ ಮುಖದ ಸಣ್ಣ ರೈಲು. ಮಕ್ಕಳ ಆಟದ ಹಾಗೇ ಕಾಣುತ್ತಿತ್ತು. ಬಿಸಿಲಿನಲ್ಲಿ 40 ನಿಮಿಷ ಕ್ಯೂ ನಿಂತೆವು. ಅವಳು ಒಂದು ಸಲವೂ ಹಟ ಮಾಡಲಿಲ್ಲ. ಯಾವ ಬಣ್ಣದ ಡಬ್ಬಿಯಲ್ಲಿ ಕೂರುವುದು ಎಂದು ಆಗಲೇ ಆರಿಸಿಟ್ಟಿದ್ದಳು. ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗ ಅವಳನ್ನು ಒಂದು ಕಂಬದ ಪಕ್ಕ ನಿಲ್ಲಿಸಿದ. ‘ಅಣ್ಣಾ, ಪಾಪು ಹೈಟ್ ಸಾಲಲ್ಲ, 110 ಬೇಕು’ ಅಂದ. ಅವನ ತಪ್ಪೇನೂ ಇಲ್ಲ. ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದ. ಕಂಬದ ಮೇಲೆ ಅಂಗೈಯಗಲದ ಬೋರ್ಡು, ಪೂರಾ ಇಂಗ್ಲಿಷು. ಅದು ಕಾಣುವುದೇ ಕ್ಯೂ ಮುಗಿಯುವ ಕಡೆ.

ಎಲ್ಲರೂ ಹತ್ತಿ ಕೂತರು. ನಾವು ಪಕ್ಕದ ಸಣ್ಣ ಗೇಟಿನಿಂದ ಇಳಿದು ಬಂದೆವು. ಮೆಟ್ಟಿಲು ಇಳಿಯುವಾಗ ಮಗಳು ಕೇಳಿದ್ದು, ‘ಅಪ್ಪಾ, ನಾನೇನು ತಪ್ಪು ಮಾಡ್ದೆ?’ ಎತ್ತರ ಅಂದರೇನು ಎಂದು ಆ ವಯಸ್ಸಿಗೆ ಹೇಗೆ ತಿಳಿಯಬೇಕು? ತನ್ನನ್ನು ಮಾತ್ರ ಕೆಳಗೆ ಕಳುಹಿಸಿದರು ಎಂಬುದಷ್ಟೇ ಅವಳಿಗೆ ಗೊತ್ತು. ಆಮೇಲೆ ಇನ್ನೂ ಎರಡು ಕಡೆ ಹೀಗೇ ಆಯಿತು. ಮೂರನೇ ಸಲಕ್ಕೆ ಕಂಬ ಕಂಡ ಕೂಡಲೇ ಅಮ್ಮನ ಸೀರೆ ಹಿಡಿದುಕೊಂಡು ಹಿಂದೆ ಸರಿದಳು. ಅವಳಿಗೆ ಆಗುವ ತಿರುಗುವ ಕುದುರೆಗಳು, ಸಣ್ಣ ಕೊಳ, ಪುಟಾಣಿ ಜಾರುಬಂಡೆಗಳೆಲ್ಲ ಪಾರ್ಕಿನ ಹಿಂಭಾಗದಲ್ಲಿದ್ದವು. ನಮಗೆ ಅದು ಗೊತ್ತಾದದ್ದು ಮಧ್ಯಾಹ್ನ ಮೂರು ಗಂಟೆಗೆ. ಅಷ್ಟು ಹೊತ್ತಿಗೆ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಐದು ಗಂಟೆಗೆ ಎದ್ದಳು. ಆರಕ್ಕೆ ಪಾರ್ಕ್ ಮುಚ್ಚಿತು. ಸಿಕ್ಕಿದ ಆ ಒಂದು ಗಂಟೆ ಕುದುರೆ ಮೇಲಿಂದ ಇಳಿಯಲೇ ಇಲ್ಲ.

ಎತ್ತರದ ನಿಯಮ ಸಡಿಲ ಮಾಡಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ತೊಡೆ ಮೇಲೆ ಬಂದು ಕೂರುವ ಕಂಬಿಯನ್ನು ಇಷ್ಟು ಮೈಕಟ್ಟಿನವರಿಗೆ ಎಂದು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಪುಟ್ಟ ಮಗು ಅದರ ಕೆಳಗಿನಿಂದ ಜಾರಿಬಿಡಬಹುದು. ದೊಡ್ಡವರ ಅಂಗಿಯನ್ನು ಮಗುವಿಗೆ ಹಾಕಿ ಬೆಲ್ಟು ಬಿಗಿದರೆ ಅದು ಮೈಗೆ ಕೂರುವುದಿಲ್ಲ, ಹಾಗೇ ಇದು. ನಾನು ನೋಡಿದ ಜಾತ್ರೆಗಳಲ್ಲಿ ಜೈಂಟ್ ವೀಲ್, ಕೊಲಂಬಸ್ ದೋಣಿ ಹತ್ತುವಾಗ ಯಾರೂ ಎತ್ತರ ಕೇಳಿದ್ದಿಲ್ಲ. ಅಲ್ಲಿಯೂ ಕೇಳಬೇಕು. ಮೂರೂಕಾಲು ಇಂಚು ಕಡಿಮೆ ಇದ್ದಳು ನನ್ನ ಮಗಳು. ಕಾಲು ಇಂಚು ಕಡಿಮೆ ಇದ್ದರೂ ಹತ್ತಿಸಬಾರದು. ಸ್ವಲ್ಪ ಬಿಡಪ್ಪಾ ಎಂದು ಆ ಹುಡುಗನ ಹತ್ತಿರ ಜಗಳಕ್ಕೆ ನಿಲ್ಲುವ ಅಪ್ಪಂದಿರನ್ನು ಅಲ್ಲಿ ಕಂಡೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಕೇಳುವುದು ಇಷ್ಟೇ. ಆ ಪಟ್ಟಿಯನ್ನು ದುಡ್ಡು ಕೊಡುವ ಮುಂಚೆಯೇ ತೋರಿಸಿ. ಇಷ್ಟು ಎತ್ತರದ ಮಗುವಿಗೆ ಇಷ್ಟು ಆಟ, ಅವು ಇಂಥ ಕಡೆ ಇವೆ ಎಂದು ಟಿಕೆಟ್ ಕೌಂಟರಿನ ಪಕ್ಕ ದೊಡ್ಡದಾಗಿ ಹಾಕಿ. ಅಳತೆಯ ಕಂಬವನ್ನು ಕ್ಯೂ ಶುರುವಾಗುವ ಕಡೆಯೂ ಒಂದು ನಿಲ್ಲಿಸಿ. ಗೇಟಿನಲ್ಲೇ ಎತ್ತರಕ್ಕೆ ತಕ್ಕ ಬಣ್ಣದ ಪಟ್ಟಿಯೊಂದನ್ನು ಕೈಗೆ ಕಟ್ಟಿದರೆ ಮತ್ತೆ ಮತ್ತೆ ಅಳೆಯುವ ಗೋಜೇ ಇರುವುದಿಲ್ಲ. ಇದಕ್ಕೆ ಎಷ್ಟು ಖರ್ಚಾದೀತು?

ಮತ್ತೆ, ಎಲ್ಲವೂ ಕನ್ನಡದಲ್ಲಿರಲಿ. ಅಂಗಡಿ-ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಗಿದೆ. ನಾವು ಹೋದ ಪಾರ್ಕಿನ ಗೇಟಿನ ಮೇಲೆಯೂ ಹೆಸರು ದೊಡ್ಡ ಕನ್ನಡ ಅಕ್ಷರದಲ್ಲೇ ಇತ್ತು. ಹೆಸರು ಕನ್ನಡದಲ್ಲಿ ಇಲ್ಲದಿದ್ದರೂ ನಾವು ಒಳಗೆ ಹೋಗುತ್ತಿದ್ದೆವು. ಬೆನ್ನು ನೋವಿದ್ದವರು, ಗರ್ಭಿಣಿಯರು ಹತ್ತಬಾರದು, ಇಂತಿಷ್ಟು ಎತ್ತರ ಬೇಕು ಎಂಬ ಮಾತು ಕನ್ನಡದಲ್ಲಿ ಇಲ್ಲದಿದ್ದರೆ ಮೈಗೆ ಏಟಾಗುತ್ತದೆ. ನನ್ನ ಹೆಂಡತಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾನು ನೀರು ತರಲು ಹೋಗಿದ್ದಾಗ ಆ ಬೋರ್ಡಿನ ಮುಂದೆ ನಿಂತು ಪಕ್ಕದವರನ್ನು ಕೇಳುತ್ತಿದ್ದಳು. ಬೋರ್ಡು ಹಾಕಿರುವುದು ಅವಳಂಥವರಿಗೇ ಅಲ್ವಾ? ಸರ್ಕಾರ ಈ ಎಚ್ಚರಿಕೆ ಫಲಕಗಳ ಕಡೆಗೂ ಗಮನ ಕೊಡಬೇಕು.

ದಸರಾ ರಜೆಗೆ ಮತ್ತೆ ಕರೆದುಕೊಂಡು ಹೋಗುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ. ಕಳೆದ ಭಾನುವಾರ ಅಳತೆ ತೆಗೆದೆ, 41 ಇಂಚು. ಈ ಸಲ ಮೊದಲೇ ಫೋನ್ ಮಾಡಿ, ಅಷ್ಟು ಎತ್ತರದ ಮಗುವಿಗೆ ಯಾವ ಯಾವ ಆಟ ಉಂಟು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಯಾವ ಪಾರ್ಕಿನವರಾದರೂ ಆ ಪಟ್ಟಿಯನ್ನು ಕನ್ನಡದಲ್ಲಿ ಮಾಡಿಸಿದರೆ ಒಂದು ಪ್ರತಿ ತಂದು ನನ್ನ ಅಂಗಡಿ ಗೋಡೆಗೆ ಅಂಟಿಸುತ್ತೇನೆ. ಮಕ್ಕಳನ್ನು ಅಳತೆಗೆ ಕರೆತರುವ ತಾಯಂದಿರು ಅಲ್ಲೇ ಓದಿಕೊಳ್ಳುತ್ತಾರೆ. ಟೇಪು ಹೇಗೂ ನನ್ನ ಕೊರಳಲ್ಲೇ ಇರುತ್ತದೆ.

– ಒಬ್ಬ ಟೈಲರ್, ತಿಪಟೂರು