ಮೋಡಿ ಬೇರೆ, ಬಾನಾಮತಿ ಬೇರೆ

ಪ್ರೀತಿಯ ಗೆಳೆಯಾ,

ಕಲಬುರಗಿ ಕಡೆಯ ಹಳ್ಳಿಯಲ್ಲಿ ಪವಾಡ ಬಯಲು ಕಾರ್ಯಕ್ರಮ ಮಾಡಬೇಕು, ಏನೇನು ತೋರಿಸಲಿ ಅಂತ ಕೇಳಿದ್ದೀಯ. ಅದಕ್ಕೂ ಮೊದಲು ಒಂದು ಮಾತು ಗಟ್ಟಿ ಮಾಡಿಕೋ. ಮೋಡಿ ಬೇರೆ, ಬಾನಾಮತಿ ಬೇರೆ. ಮೊದಲನೆಯದು ಆಟ, ಎರಡನೆಯದು ಮಾಟ ಮಾಡಿಸಿದ್ದಾರೆ ಅನ್ನುವ ಆರೋಪ. ಎರಡನ್ನೂ ಒಂದೇ ಉಸಿರಿನಲ್ಲಿ ಬೈದರೆ ಜನ ಎದ್ದು ಹೋಗುತ್ತಾರೆ, ಹೋಗಬೇಕಾದ್ದೇ.

ಮೋಡಿಯಲ್ಲಿ ಎರಡು ಪಂಗಡ. ಒಬ್ಬ ನೆಲದ ಮೇಲೆ ಗೆರೆ ಎಳೆದು ಒಳಗೆ ನಿಂಬೆಹಣ್ಣು, ಮೊಟ್ಟೆ, ಮಡಕೆ ಇಟ್ಟು ‘ಕಟ್ಟು’ ಹಾಕುತ್ತಾನೆ. ಇನ್ನೊಬ್ಬ ಅದನ್ನು ಎತ್ತಬೇಕು. ಎತ್ತಲು ಬಂದವನು ಗೆರೆಯ ಹತ್ತಿರ ತತ್ತರಿಸುತ್ತಾನೆ, ಬೀಳುತ್ತಾನೆ, ಹೊರಳುತ್ತಾನೆ, ಭಸ್ಮ ಬಿದ್ದ ಮೇಲೆ ಏಳುತ್ತಾನೆ. ಕಟ್ಟಿದವನ ಮಂತ್ರಕ್ಕಿಂತ ಬೀಳುವವನ ಅಭಿನಯವೇ ಈ ಆಟದ ಜೀವ. ಇದು ವರ್ಷಗಟ್ಟಲೆ ಮೈ ಪಳಗಿಸಿ ಕಲಿತ ವಿದ್ಯೆ, ಅದನ್ನು ಮೋಸ ಅನ್ನಬೇಡ.

ನೀನು ತೋರಿಸುವುದಕ್ಕೆ ಮೂರು ಸಾಕು.

ಮೊದಲು ಚೆಂಬು. ಕತ್ತು ಕಿರಿದಾದ ಹಿತ್ತಾಳೆ ಚೆಂಬಿಗೆ ಒಣ ಅಕ್ಕಿಯನ್ನು ಕಂಠಮಟ್ಟ ತುಂಬಿ, ತಳವನ್ನು ನೆಲಕ್ಕೆ ಇಪ್ಪತ್ತು ಸಲ ಕುಟ್ಟು. ಅಕ್ಕಿ ಇಳಿದಷ್ಟು ಮತ್ತೆ ತುಂಬು. ಆಮೇಲೆ ಉದ್ದನೆಯ ಚಾಕುವಿನಿಂದ ನೆಟ್ಟಗೆ, ಚಿಕ್ಕ ಚಿಕ್ಕದಾಗಿ ಚುಚ್ಚುತ್ತಾ ಹೋಗು. ಮೊದಮೊದಲು ಚಾಕು ಸಲೀಸಾಗಿ ಬರುತ್ತದೆ. ಮೂವತ್ತು ನಲವತ್ತು ಚುಚ್ಚು ಆಗುವ ಹೊತ್ತಿಗೆ ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ಅಲಗನ್ನು ಹಿಡಿಯುವುದು ಕೈಗೇ ತಿಳಿಯುತ್ತದೆ. ಆಗ ಒಮ್ಮೆ ಆಳಕ್ಕೆ ಒತ್ತಿ ನಿಧಾನ ಎತ್ತು, ಚೆಂಬು ಚಾಕುವಿನ ಜೊತೆಗೇ ಏಳುತ್ತದೆ. ಬಾಯಗಲದ ಪಾತ್ರೆಯಲ್ಲಿ ಆಗುವುದಿಲ್ಲ, ಅಕ್ಕಿ ಮೇಲಕ್ಕೆ ಜಾರಿಬಿಡುತ್ತದೆ. ಮಂತ್ರ ಹೇಳುವುದು ಯಾಕೆ ಗೊತ್ತಾ? ಆ ಮೂವತ್ತು ನಲವತ್ತು ಚುಚ್ಚಿಗೆ ಬೇಕಾದ ಹೊತ್ತನ್ನು ತುಂಬುವುದಕ್ಕೆ.

ಎರಡನೆಯದು ನಿಂಬೆಹಣ್ಣಿನ ರಕ್ತ. ಕೆಂಪು ದಾಸವಾಳದ ಎಸಳನ್ನು ಸ್ಟೀಲ್ ಚಾಕುವಿನ ಎರಡೂ ಬದಿಗೆ ಉಜ್ಜಿ ನೆರಳಲ್ಲಿ ಒಣಗಿಸು, ಎರಡು ಮೂರು ಸಲ ಹೀಗೆ ಲೇಪ ಕೊಡು. ಆ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ, ಹುಳಿ ತಾಗಿದ ಕೂಡಲೇ ಹೂವಿನ ಬಣ್ಣ ಕೆಂಪಾಗುತ್ತದೆ. ರಸವಿಲ್ಲದ ಒಣಕಲು ಹಣ್ಣಾದರೆ ತೆಳು ಗುಲಾಬಿ ಮಾತ್ರ ಬರುತ್ತದೆ.

ಮೂರನೆಯದು ಅರಿಸಿನ-ಸುಣ್ಣದ ನೀರು. ಆರತಿಯ ಕುರುದಿ ನೀರು ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಆ ಕೆಂಪು ನೀರಿಗೆ ಹುಳಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಇದನ್ನು ಹೆಂಗಸರ ಕೈಯಿಂದಲೇ ಮಾಡಿಸು.

ನಾಣ್ಯ ಕೈಯಲ್ಲೇ ಬಿಸಿಯಾಗಿ ಬೂದಿಯಾಗುವ ಆಟವನ್ನು ಮಾತ್ರ ಮಾಡಬೇಡ. ಅಲ್ಯೂಮಿನಿಯಂಗೆ ಸವರುವುದು ಪಾದರಸದ ಲವಣ, ಅಪ್ಪಟ ವಿಷ.

ಇನ್ನು ಬಾನಾಮತಿ. ಕಲಬುರಗಿ, ಬೀದರ್ ಕಡೆ ಈ ಹೆಸರು ಬಂತೆಂದರೆ ಮನೆ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಹೆಣ್ಣುಮಕ್ಕಳು ನಾಯಿಯಂತೆ ಕೂಗುವುದು, ಮೈಮೇಲೆ ಬರೆ ಏಳುವುದು. ಬರೆಯನ್ನು ಹತ್ತಿರದಿಂದ ನೋಡು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ರಸ ತಾಗಿದ್ದರೆ ಕಲೆ ಕಂದುಗಪ್ಪು, ಅಂಚು ಸೊಟ್ಟಂಬಟ್ಟ, ಸುತ್ತ ಸಣ್ಣ ಸಣ್ಣ ನೀರುಗುಳ್ಳೆ, ತಡೆಯಲಾಗದ ತುರಿಕೆ. ಏಟಿನ ಕಲೆ ದಿನ ಕಳೆದಂತೆ ನೀಲಿಯಿಂದ ಹಸಿರು, ಹಳದಿ ಆಗುತ್ತದೆ, ಇದು ಆಗುವುದಿಲ್ಲ. ಸಾಮಾನ್ಯವಾಗಿ ಕೈಗೆ ಎಟಕುವ ಜಾಗದಲ್ಲೇ ಇರುತ್ತದೆ, ಹಚ್ಚಿದ ಬೆರಳ ತುದಿಯಲ್ಲೂ ಗುಳ್ಳೆ ಕಾಣಬಹುದು. (ಕರಾವಳಿಯವರು ಗೇರುಬೀಜ ಅನ್ನುವ ಗೋಡಂಬಿ ಬೇರೆ, ಇದು ಭಲ್ಲಾತಕ.)

ಬೆರಳು ನೋಡಿ ಗೊತ್ತಾಯಿತು ಅಂತ ಜನರ ಮುಂದೆ ಆಡಿಬಿಡಬೇಡ ಮಾರಾಯ. ಹಚ್ಚಿದ್ದು ಬರೆ ಎದ್ದ ಹೆಣ್ಣುಮಗಳೇ ಇರಬಹುದು, ಬೇರೆಯವರು ಅವಳಿಗೆ ಹಚ್ಚಿರಲೂಬಹುದು. ಹೇಳಿಕೊಳ್ಳಲು ಜಾಗವಿಲ್ಲದ ಮನೆಯಲ್ಲಿ ಸೊಸೆಯ ಕಷ್ಟ ಮೈಮೇಲೆ ಏಳುತ್ತದೆ, ಕೂಗಾಗಿ ಬರುತ್ತದೆ. ಒಬ್ಬಳು ಕೂಗಿದರೆ ಅದೇ ಬೇಗುದಿಯಲ್ಲಿರುವ ಇನ್ನಿಬ್ಬರು ಕೂಗುವುದು ನಾಟಕವಲ್ಲ. ಅವಳನ್ನು ಒಬ್ಬಳನ್ನೇ ಕೂರಿಸಿ, ಹೆಣ್ಣುಮಕ್ಕಳೇ ಮಾತಾಡಿಸಲಿ. ಚರ್ಮದ ವೈದ್ಯರು, ಮನೋವೈದ್ಯರು ಇಬ್ಬರಿಗೂ ತೋರಿಸಿ. ಸುಮ್ಮನೆ ಸುಳ್ಳಿ ಅಂದು ಬಂದರೆ ನೀನು ಹೋದ ಮೇಲೆ ಅವಳಿಗೆ ಬೀಳುವ ಏಟಿಗೆ ಯಾರು ಹೊಣೆ? ಮಾಟ ಮಾಡಿಸಿದ್ದು ಇವಳೇ ಅಂತ ಊರು ಬೊಟ್ಟು ಮಾಡುವ ಪಕ್ಕದ ಮನೆಯ ಮುದುಕಿಯ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಅವಳ ಬಾಗಿಲಿಗೆ ಜನ ಸೇರುವ ಮೊದಲೇ ಪೊಲೀಸರಿಗೆ ತಿಳಿಸು.

ಕಾನೂನೂ ನಿನ್ನ ಬೆನ್ನಿಗಿದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಆದ ರಾಜ್ಯದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಕೊಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅಪರಾಧ. 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಕೊನೆಗೆ ಇದನ್ನು ಓದಿ ಹೇಳು.

ದಾಸವಾಳದ ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಬೇಡ, ಲೇಪ ಹೋಗುತ್ತದೆ. ಚೆಂಬಿಗೆ ಬೇರೆ ಚಾಕು ಇರಲಿ. ಹಿಂದಿನ ರಾತ್ರಿ ಅದೇ ಚೆಂಬು, ಅದೇ ಅಕ್ಕಿಯಲ್ಲಿ ನಾಲ್ಕು ಸಲ ಎತ್ತಿ ನೋಡಿಕೋ.

ನಿನ್ನ ಗೆಳೆಯ